ಮೂವತ್ತು ಹಾಸಿಗೆಗಳ ಲೆಕ್ಕ

ಬಯಲುಸೀಮೆಯಲ್ಲಾದರೆ 1,20,000 ಜನಕ್ಕೊಂದು, ಗುಡ್ಡಗಾಡಿನಲ್ಲಾದರೆ 80,000 ಜನಕ್ಕೊಂದು ಇರತಕ್ಕದ್ದೆಂದು ರಾಷ್ಟ್ರೀಯ ಮಾನದಂಡವು ವಿಧಿಸಿರುವ ಸಮುದಾಯ ಆರೋಗ್ಯ ಕೇಂದ್ರವು, ಹಳ್ಳಿಯ ಪ್ರಾಥಮಿಕ ಕೇಂದ್ರಗಳಿಗೂ ಜಿಲ್ಲಾಸ್ಪತ್ರೆಗೂ ನಡುವೆ ನಿಂತಿರುವ ಸಂಸ್ಥೆ. ಮೂವತ್ತು ಹಾಸಿಗೆ, ಒಂದು ಹೆರಿಗೆ ಕೋಣೆ, ಒಂದು ಶಸ್ತ್ರಚಿಕಿತ್ಸಾಗಾರ, ಪ್ರಯೋಗಶಾಲೆ, ಔಷಧಾಲಯ, ಹಗಲಿರುಳೂ ಮುಚ್ಚದ ಬಾಗಿಲು: ಇಷ್ಟು ಅದರ ಸ್ಥೂಲರೂಪ. ಹೋಬಳಿಯ ಜನ ಇದನ್ನು ಫಲಕದ ಮೇಲಿನ ಹೆಸರಿನಿಂದ ಕರೆಯುವುದು ವಿರಳ. ಸರ್ಕಾರಿ ಆಸ್ಪತ್ರೆಯೆಂದಷ್ಟೆ ಅನ್ನುತ್ತಾರೆ. ಅದು ಒಳ್ಳೆಯದೋ ಅಲ್ಲವೋ ಎಂಬುದನ್ನು ಅಲ್ಲಿಯ ವೈದ್ಯರ ಕೈಗುಣದಿಂದಲೂ, ದಾದಿಯರ ಮಾತಿನ ಮೃದುತ್ವದಿಂದಲೂ, ನೆರೆಮನೆಯ ಬಾಣಂತಿ ಸುಖವಾಗಿ ಮನೆಗೆ ಬಂದಳೇ ಎಂಬುದರಿಂದಲೂ ನಿಶ್ಚಯಿಸುತ್ತಾರೆ. ಈ ನಿಶ್ಚಯವು ತಿರಸ್ಕಾರಯೋಗ್ಯವಲ್ಲ. ಅದರಲ್ಲಿ ಅನುಭವದ ಸತ್ಯವುಂಟು. ಆದರೆ ಅದರ ಮಗ್ಗುಲಲ್ಲೇ ಇನ್ನೊಂದು ಮಾರ್ಗವೂ ಉಂಟು: ಆಸ್ಪತ್ರೆಯ ಗುಣ, ಅದರ ಸಿಬ್ಬಂದಿ, ಅದರ ವೆಚ್ಚ, ಈ ಮೂರನ್ನು ಅಂಕಿಗಳಿಂದ ಅಳೆದು, ಒಂದನ್ನು ಮತ್ತೊಂದರ ಬೆಳಕಿನಲ್ಲಿ ಓದುವ ಶಾಸ್ತ್ರ. ಈ ಮೂರೂ ಬೇರೆಬೇರೆ ಲೆಕ್ಕಗಳಲ್ಲ, ಒಂದೇ ಲೆಕ್ಕದ ಮೂರು ಕಲಮುಗಳು ಎಂಬುದನ್ನು ಮರೆತಾಗ ಯಾರಿಗೆ ಎಂಥ ಅನ್ಯಾಯವಾಗುತ್ತದೆಂಬುದನ್ನು ತೋರಿಸುವುದೇ ಈ ಪರಿಚಯದ ಉದ್ದೇಶ.

ಈ ಶಾಸ್ತ್ರದ ಮೊದಲ ಪಾಠವನ್ನು ಕಲಿಸಿದವರು ಫ್ಲಾರೆನ್ಸ್ ನೈಟಿಂಗೇಲ್. ಅದನ್ನು ಭಾಗಶಃ ತಮ್ಮ ಪ್ರಮಾದದಿಂದಲೇ ಕಲಿಸಿದರು. ಯುದ್ಧದ ಆಸ್ಪತ್ರೆಗಳಲ್ಲಿ ಸೈನಿಕರ ಸಾವನ್ನು ಕಣ್ಣಾರೆ ಕಂಡಿದ್ದ ಆಕೆ, ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕವಿಡಬೇಕೆಂದು 1860ರಲ್ಲಿ ಲಂಡನ್ನಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಸಲಹೆಯಿತ್ತರು. ಮೂರು ವರ್ಷಗಳ ಬಳಿಕ, ಆಸ್ಪತ್ರೆಗಳನ್ನು ಕುರಿತ ತಮ್ಮ ಗ್ರಂಥದ ಮೂರನೆಯ ಆವೃತ್ತಿಯಲ್ಲಿ, ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ಕೋಷ್ಟಕವೊಂದನ್ನು ಪ್ರಕಟಿಸಿದರು. ಅದರ ಪ್ರಕಾರ ಲಂಡನ್ನಿನ 24 ಆಸ್ಪತ್ರೆಗಳ ಮರಣಪ್ರಮಾಣ ನೂರಕ್ಕೆ 90.84. ಸೇರಿದ ನೂರು ಮಂದಿಯಲ್ಲಿ ತೊಂಬತ್ತು ಮಂದಿ ಹೆಣವಾಗಿ ಹೊರಬರುತ್ತಿದ್ದರೇ? ಇಲ್ಲ. ಇಡೀ ವರ್ಷದ ಸಾವುಗಳನ್ನು, ಯಾವುದೋ ಒಂದು ದಿನ ಹಾಸಿಗೆಗಳಲ್ಲಿ ಮಲಗಿದ್ದವರ ಸಂಖ್ಯೆಯಿಂದ ಭಾಗಿಸಲಾಗಿತ್ತು. ವರ್ಷದುದ್ದಕ್ಕೂ ಬಂದು ಗುಣವಾಗಿ ಹೋದ ಸಹಸ್ರಾರು ಜನ ಆ ಭಾಜಕದಲ್ಲಿ ಸೇರಿರಲೇ ಇಲ್ಲ. ಲಂಡನ್ನಿನ ವೈದ್ಯರು ಕೆರಳಿದುದರಲ್ಲಿ ಆಶ್ಚರ್ಯವಿಲ್ಲ. ಆ ಮಹನೀಯೆಯ ಕೀರ್ತಿಗೆ ಇದರಿಂದ ಕುಂದಿಲ್ಲ. ಆದರೆ ಅಂಕಿಯೊಂದನ್ನು ಕಂಡೊಡನೆ ಅದರ ಕೆಳಗಿರುವ ಭಾಜಕವೇನೆಂದು ಕೇಳುವ ಅಭ್ಯಾಸ ಅಂದಿನಿಂದ ಈ ಶಾಸ್ತ್ರದ ಮೂಲಧರ್ಮವಾಗಬೇಕಾಯಿತು.

ನಮ್ಮ ಮೂವತ್ತು ಹಾಸಿಗೆಗಳಿಗೆ ಬರೋಣ. ವರ್ಷವೊಂದಕ್ಕೆ ಅವು ನೀಡಬಲ್ಲ ಹಾಸಿಗೆ-ದಿನಗಳು 10,950. ಉದಾಹರಣೆಗೆ, ಒಳರೋಗಿಗಳು 2,190 ಮಂದಿ ಬಂದು ಒಬ್ಬೊಬ್ಬರೂ ಸರಾಸರಿ ಮೂರು ದಿನ ಉಳಿದರೆನ್ನಿ. ತುಂಬಿದ ಹಾಸಿಗೆ-ದಿನಗಳು 6,570, ಅಂದರೆ ನೂರಕ್ಕೆ 60. ಒಂದೊಂದು ಹಾಸಿಗೆಯೂ ವರ್ಷಕ್ಕೆ 73 ಮಂದಿಗೆ ಆಶ್ರಯವಿತ್ತಿತು. ಕೊಲಂಬಿಯ ದೇಶದ ಪಾಬೋನ್ ಲಾಸ್ಸೋ 1986ರಲ್ಲಿ ಈ ಎರಡು ಅಂಕಿಗಳನ್ನು ಒಂದೇ ನಕ್ಷೆಯ ಅಡ್ಡ-ಉದ್ದಗಳಲ್ಲಿಟ್ಟು, ಆಸ್ಪತ್ರೆಗಳನ್ನು ನಾಲ್ಕು ಅಂಕಣಗಳಲ್ಲಿ ವಿಂಗಡಿಸುವ ಸುಲಭ ವಿಧಾನವನ್ನು ತೋರಿಸಿದರು. ಹಾಸಿಗೆಯೂ ತುಂಬದೆ, ರೋಗಿಗಳೂ ಬೇಗಬೇಗ ಬದಲಾಗದೆ ಇರುವ ಅಂಕಣದಲ್ಲಿ ಬಿದ್ದ ಆಸ್ಪತ್ರೆಯನ್ನು ಮೇಲಧಿಕಾರಿಗಳು ಅಗತ್ಯಕ್ಕಿಂತ ದೊಡ್ಡದೆಂದೋ ಅದಕ್ಷವೆಂದೋ ತೀರ್ಮಾನಿಸಿಬಿಡುವುದುಂಟು. ಅಲ್ಲಿಗೆ ನಿಲ್ಲುವವನು ಅರ್ಧ ಪುಟವನ್ನಷ್ಟೇ ಓದಿದವನು.

ಉಳಿದರ್ಧ ಸಿಬ್ಬಂದಿಯ ಲೆಕ್ಕದಲ್ಲಿದೆ. ಒಂದು ವಾರ್ಡಿನಲ್ಲಿ ಸದಾ ಒಬ್ಬ ಶುಶ್ರೂಷಾಧಿಕಾರಿ ಇರಬೇಕಾದರೆ ಎಷ್ಟು ಮಂದಿಯ ನೇಮಕವಾಗಬೇಕು? ಪಾಳಿಗೊಬ್ಬರಂತೆ ಮೂವರೆಂದು ಹೇಳುವುದು ಸಹಜ. ಆದರೆ ವರ್ಷಕ್ಕೆ 1,095 ಪಾಳಿಗಳು. ವಾರದ ರಜೆ, ಹಬ್ಬದ ರಜೆ, ಗಳಿಕೆ ರಜೆ, ಕಾಯಿಲೆ, ತರಬೇತಿ ಇವನ್ನೆಲ್ಲ ಕಳೆದರೆ ಒಬ್ಬಾಕೆ ನಿಜವಾಗಿ ದುಡಿಯಬಲ್ಲ ದಿನಗಳು 245ರ ಆಸುಪಾಸು. ಭಾಗಿಸಿದರೆ ಸುಮಾರು ನಾಲ್ಕೂವರೆ ಬರುತ್ತದೆ. ಮೂವರನ್ನು ಕೊಟ್ಟು ಹುದ್ದೆಗಳೆಲ್ಲ ಭರ್ತಿಯಾಗಿವೆಯೆಂದು ವರದಿ ಬರೆದಾಗ, ಕೊರತೆಯಾದ ಒಂದೂವರೆ ಮನುಷ್ಯರ ಕೆಲಸವು ಇರುವವರ ಡಬಲ್ ಡ್ಯೂಟಿಯಾಗಿ, ರದ್ದಾದ ರಜೆಯಾಗಿ, ಇರುಳಿನ ಮೂರನೆಯ ಜಾವದಲ್ಲಿ ತಪ್ಪಿಹೋದ ಒಂದು ರಕ್ತದೊತ್ತಡದ ತಪಾಸಣೆಯಾಗಿ ಎಲ್ಲಿಯೋ ತಲೆಯೆತ್ತಿಯೇ ತೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಪ್ರಚಾರಕ್ಕೆ ತಂದ ಕಾರ್ಯಭಾರದ ಮಾಪನವಿಧಾನವು ಹಾಸಿಗೆಗಳನ್ನೆಣಿಸುವುದನ್ನು ಬಿಟ್ಟು, ಒಂದು ಹೆರಿಗೆಗೆ, ಒಂದು ಡ್ರೆಸ್ಸಿಂಗಿಗೆ, ಒಂದು ಚುಚ್ಚುಮದ್ದಿಗೆ ತಗಲುವ ನಿಮಿಷಗಳನ್ನು ಕೂಡಿ, ದುಡಿಯಬಲ್ಲ ಗಂಟೆಗಳಿಂದ ಭಾಗಿಸುತ್ತದೆ. ದಾದಿಯ ದೇಹವೂ ದಣಿಯುತ್ತದೆಂಬುದನ್ನು ಅಂಕಗಣಿತದೊಳಗೇ ಒಪ್ಪಿಕೊಂಡಿರುವ ಕಾರಣ ಈ ವಿಧಾನವು ನನಗೆ ಗೌರವಾರ್ಹವಾಗಿ ಕಾಣುತ್ತದೆ.

ಇದಕ್ಕಿಂತಲೂ ಗಹನವಾದುದು ತಜ್ಞರ ಪ್ರಶ್ನೆ. ಸಿಸೇರಿಯನ್ ಹೆರಿಗೆ ನಡೆಯಬೇಕಾದರೆ ಪ್ರಸೂತಿತಜ್ಞೆ ಬೇಕು, ಅರಿವಳಿಕೆ ತಜ್ಞರು ಬೇಕು, ಕೈಗೆಟಕುವಲ್ಲಿ ರಕ್ತಸಂಗ್ರಹವಿರಬೇಕು. ಈ ಮೂರರಲ್ಲಿ ಒಂದಿಲ್ಲದಿದ್ದರೆ ಉಳಿದೆರಡು ಇದ್ದೂ ಇಲ್ಲದಂತೆ. ಅರಿವಳಿಕೆ ತಜ್ಞರ ಒಂದು ಹುದ್ದೆ ಖಾಲಿ ಬಿದ್ದಿದೆಯೆಂದು ಭಾವಿಸಿ. ಪ್ರಸೂತಿತಜ್ಞೆ ಕುರ್ಚಿಯಲ್ಲಿದ್ದಾರೆ, ಸಂಬಳ ಸಲ್ಲುತ್ತಿದೆ. ಆದರೆ ಹೆರಿಗೆ ಕಷ್ಟವಾಗುವ ಲಕ್ಷಣ ತೋರಿದ ಕೂಡಲೆ 108ರ ವಾಹನವನ್ನು ಕರೆದು ಗರ್ಭಿಣಿಯನ್ನು ಜಿಲ್ಲಾಸ್ಪತ್ರೆಗೆ ರೆಫರ್ ಮಾಡದೆ ಗತ್ಯಂತರವಿಲ್ಲ. ಹೀಗೆ ಕೆಲವರನ್ನು ಕಳುಹಿಸಿದ ಬಳಿಕ ಊರಿನವರು, ಕೊನೆಗೆ ಹೋಗಲೇಬೇಕಾದ ಕಡೆಗೆ ಮೊದಲೇ ಹೋಗುವುದು ಲೇಸೆಂದು, ಸಹಜ ಹೆರಿಗೆಗೂ ಇಲ್ಲಿಗೆ ಬರುವುದನ್ನು ನಿಲ್ಲಿಸುತ್ತಾರೆ. ಹಾಸಿಗೆಗಳು ಬರಿದಾಗುತ್ತವೆ. ಸಂಬಳ, ವಿದ್ಯುತ್ತು, ಜನರೇಟರು, ಕಾವಲು ಯಾವುದೂ ಇಳಿಯದೆ ರೋಗಿಗಳ ಸಂಖ್ಯೆಯೊಂದೇ ಇಳಿದುದರಿಂದ ಹಾಸಿಗೆ-ದಿನವೊಂದರ ವೆಚ್ಚವು ಏರುತ್ತದೆ. ವರ್ಷಾಂತ್ಯದ ಪಟ್ಟಿಯಲ್ಲಿ ಈ ಆಸ್ಪತ್ರೆಯು ದುಬಾರಿಯೆಂದೂ ನಿಷ್ಕ್ರಿಯವೆಂದೂ ಕಾಣುತ್ತದೆ. ನಿಷ್ಕ್ರಿಯವಾದ ಸಂಸ್ಥೆಗೆ ಹೊಸ ತಜ್ಞರನ್ನು ಕೊಡುವುದು ವ್ಯರ್ಥವೆಂಬ ವಾದವೂ ಹುಟ್ಟುತ್ತದೆ. ಖಾಲಿ ಹುದ್ದೆಯೇ ಖಾಲಿ ಹಾಸಿಗೆಗೆ ಕಾರಣವಾಗಿ, ಆ ಖಾಲಿ ಹಾಸಿಗೆಯೇ ಹುದ್ದೆಯನ್ನು ತುಂಬದಿರಲು ಸಾಕ್ಷಿಯಾಗಿ ನಿಲ್ಲುವ ಈ ವಿಷವೃತ್ತವನ್ನು ವೆಚ್ಚದ ಅಂಕಿಯೊಂದನ್ನೇ ನೋಡುವವನು ಎಂದಿಗೂ ಕಾಣಲಾರ.

ವೆಚ್ಚವನ್ನು ಅಳೆಯುವ ಕ್ರಮವಾದರೂ ಸರಳವಲ್ಲ. ಕಚೇರಿ, ಅಗಸರ ಮನೆ, ಅಡುಗೆ, ಪ್ರಯೋಗಶಾಲೆ ಇವುಗಳ ಖರ್ಚನ್ನು ನೆಲದಳತೆಗೋ ಬಟ್ಟೆಯ ತೂಕಕ್ಕೋ ಪರೀಕ್ಷೆಗಳ ಸಂಖ್ಯೆಗೋ ಅನುಸಾರವಾಗಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಸಿ, ಕಡೆಗೆ ವಾರ್ಡು, ಹೆರಿಗೆ ಕೋಣೆ, ಹೊರರೋಗಿ ವಿಭಾಗಗಳ ಮೇಲೆ ಹಂಚಬೇಕು. ಹೊರರೋಗಿಗಳ ಸಂದಣಿಯನ್ನು ಮರೆತು ಎಲ್ಲ ವೆಚ್ಚವನ್ನೂ ಹಾಸಿಗೆಗಳ ತಲೆಗೆ ಕಟ್ಟಿದರೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತ ನೂರಾರು ಜನರ ಚಿಕಿತ್ಸೆ ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಮತ್ತೊಂದು ವೆಚ್ಚವಂತೂ ಆಸ್ಪತ್ರೆಯ ಯಾವ ಲೆಡ್ಜರಿನಲ್ಲಿಯೂ ಇಲ್ಲ: ರೋಗಿಯ ಬಸ್ಸಿನ ದರ, ಜೊತೆಗೆ ಬಂದವನ ಕಳೆದ ಕೂಲಿ, ಹೊರಗಿನ ಅಂಗಡಿಯಲ್ಲಿ ಕೊಂಡ ಔಷಧಿ. ಅರಿವಳಿಕೆ ತಜ್ಞರ ಸಂಬಳವನ್ನು ಸರ್ಕಾರ ಉಳಿಸಿದಾಗ ಅದು ನಿಜವಾಗಿ ಉಳಿತಾಯವಾಗಲಿಲ್ಲ. ಜಿಲ್ಲಾಕೇಂದ್ರಕ್ಕೆ ಓಡಿದ ಬಡವರ ಮಡಿಲಿನಿಂದ ಅದು ಖರ್ಚಾಯಿತು.

ಇನ್ನು ಗುಣಮಟ್ಟ. ಭಾರತದಲ್ಲಿ 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನಕಗಳು ಸೇವೆಯ ಲಭ್ಯತೆ, ರೋಗಿಯ ಹಕ್ಕು, ಸೋಂಕು ನಿಯಂತ್ರಣ, ಚಿಕಿತ್ಸಾಕ್ರಮ, ಫಲಿತಾಂಶ ಮೊದಲಾದ ಎಂಟು ಕ್ಷೇತ್ರಗಳಲ್ಲಿ ಆಸ್ಪತ್ರೆಯನ್ನು ಪರೀಕ್ಷಿಸುತ್ತವೆ. ಪರೀಕ್ಷಕರು ಕಣ್ಣಿನಿಂದ ನೋಡಿ, ದಾಖಲೆ ತೆರೆಸಿ, ಸಿಬ್ಬಂದಿಯನ್ನೂ ರೋಗಿಯನ್ನೂ ಮಾತನಾಡಿಸಿ, ಒಂದೊಂದು ಅಂಶಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ ಕೊಡುತ್ತಾರೆ. ಪ್ರಮಾಣಪತ್ರಕ್ಕೆ ನೂರಕ್ಕೆ 70 ಬೇಕು. 2015ರಿಂದ ಕಾಯಕಲ್ಪವೆಂಬ ಸ್ವಚ್ಛತೆಯ ಪುರಸ್ಕಾರವೂ ಇದೆ. ಇವುಗಳಿಂದ ಅನೇಕ ಆಸ್ಪತ್ರೆಗಳ ಮುಖಚರ್ಯೆಯೇ ಬದಲಾಗಿದೆಯೆಂಬುದನ್ನು ಸಂತೋಷದಿಂದ ಒಪ್ಪತಕ್ಕದ್ದು. ಆದರೂ ಅಷ್ಟೂ ಅಂಕಿಗಳಲ್ಲಿ ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು, ವೈದ್ಯರ ಸಲಹೆಯನ್ನು ಮೀರಿ ಹೊರಟುಹೋದವರ ಪ್ರಮಾಣದ ಮೇಲೆ. ನೋವಿದ್ದೂ, ಚಿಕಿತ್ಸೆ ಮುಗಿಯದೆಯೂ, ಸಹಿಮಾಡಿ ಎದ್ದುಹೋಗುವ ಮನುಷ್ಯನು ದುಡ್ಡಿಲ್ಲದೆ ಹೋದನೋ, ಅವಮಾನಗೊಂಡು ಹೋದನೋ, ಮನೆಯಲ್ಲಿ ಕರೆಯುವ ಹಸು-ಕರುಗಳಿಗಾಗಿ ಹೋದನೋ ಎಂಬುದನ್ನು ವಿಚಾರಿಸುವ ಆಸ್ಪತ್ರೆ ತನ್ನ ಗುಣದೋಷಗಳನ್ನು ಯಾವ ಪರೀಕ್ಷಕನಿಗಿಂತಲೂ ಚೆನ್ನಾಗಿ ಅರಿಯುತ್ತದೆ.

ಫಲಿತಾಂಶದ ಅಳತೆಯೇ ಇವೆಲ್ಲಕ್ಕಿಂತ ಕಠಿಣವಾದುದು. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, ಚಿಕಿತ್ಸೆ ಪಡೆದ ಪ್ರತಿಯೊಬ್ಬ ರೋಗಿಯನ್ನೂ ಮನೆಗೆ ಹೋದ ಮೇಲೂ ಅನುಸರಿಸಿ, ಕಡೆಗೆ ಅವನಿಗೆ ಏನಾಯಿತು, ಗುಣವಾಗದಿದ್ದರೆ ಯಾರ ಕಾರಣದಿಂದ ಎಂಬುದನ್ನು ಒಂದು ಕಾರ್ಡಿನ ಮೇಲೆ ಬರೆಯಬೇಕೆಂದು ಹಠ ಹಿಡಿದರು. ತಾವು ಕೆಲಸ ಮಾಡುತ್ತಿದ್ದ ದೊಡ್ಡ ಆಸ್ಪತ್ರೆ ಒಪ್ಪದಿದ್ದಾಗ ಸ್ವಂತ ಪುಟ್ಟ ಆಸ್ಪತ್ರೆಯಲ್ಲಿ ಅದನ್ನು ನಡೆಸಿ, 1911ರಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ಲೆಕ್ಕದಲ್ಲಿ 123 ದೋಷಗಳನ್ನು ತಾವೇ ಅಚ್ಚುಹಾಕಿಸಿದರು. ಇದಕ್ಕೆ ವ್ಯತಿರಿಕ್ತವಾಗಿ, ಅಮೆರಿಕದ ಶಸ್ತ್ರವೈದ್ಯರ ಸಂಘವು 692 ಆಸ್ಪತ್ರೆಗಳನ್ನು ಪರೀಕ್ಷಿಸಿ, ಕನಿಷ್ಠ ಮಾನಕವನ್ನು ಮುಟ್ಟಿದವು 89 ಮಾತ್ರವೆಂದು ಕಂಡಾಗ, ಪಟ್ಟಿ ಪತ್ರಿಕೆಗಳ ಕೈಗೆ ಬೀಳದಿರಲೆಂದು ಅದನ್ನು 1919ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರ ಕುಲುಮೆಯಲ್ಲಿ ಸುಟ್ಟುಹಾಕಿತು.

ಕಾಡ್‌ಮನ್ನರಿಗೆ ದುರ್ಲಭವಾಗಿದ್ದ ಸಾಧನವೊಂದು ನಮ್ಮ ಹಳ್ಳಿಗಳಲ್ಲಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ತಾಯಿ-ಮಗುವನ್ನು ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಕಂಡು, ಮಗುವಿನ ತೂಕ, ಮೈಬಿಸಿ, ತಾಯಿಯ ಜ್ವರ-ರಕ್ತಸ್ರಾವಗಳನ್ನು ನಮೂನೆಯಲ್ಲಿ ಬರೆದುಕೊಳ್ಳುತ್ತಾಳೆ. ಆ ಬರಹವು ಹೆರಿಗೆ ಮಾಡಿಸಿದ ಆಸ್ಪತ್ರೆಯ ರಿಜಿಸ್ಟರಿಗೆ ಮರಳಿ ಬರುವ ಏರ್ಪಾಡಾದರೆ, ಹೊಲಿಗೆ ಕೀವಾದ ಬಾಣಂತಿಯರೆಷ್ಟು, ಮೊದಲ ವಾರದಲ್ಲಿ ಮತ್ತೆ ಆಸ್ಪತ್ರೆ ಸೇರಿದ ಶಿಶುಗಳೆಷ್ಟು ಎಂಬುದು ಊಹೆಯಾಗಿ ಉಳಿಯದು. ಇದಕ್ಕೆ ಹೊಸ ಹುದ್ದೆಯಾಗಲಿ ಹೊಸ ಯಂತ್ರವಾಗಲಿ ಬೇಡ. ತಾಯಿ ಕಾರ್ಡಿನ ಸಂಖ್ಯೆಯನ್ನು ಎರಡು ಕಡೆಯೂ ಬರೆದು, ಸ್ಥಳೀಯ ಪ್ರತಿನಿಧಿಗಳೂ ವೈದ್ಯಾಧಿಕಾರಿಗಳೂ ಕೂಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ, ಸುಣ್ಣಬಣ್ಣದ ಬಿಲ್ಲಿಗಿಂತ ಮೊದಲು, ಈ ಅಂಕಿಗಳನ್ನು ಖಾಲಿ ಹುದ್ದೆಗಳ ಪಟ್ಟಿಯೊಡನೆಯೂ ಆ ತಿಂಗಳ ವೆಚ್ಚದೊಡನೆಯೂ ಒಂದೇ ಹಾಳೆಯಲ್ಲಿ ಓದಿಸಿದರೆ ಸಾಕು.