ಸಹಿ ಸರಿ ಇದ್ದರೆ ಸಾಕೆ?

ನಮ್ಮ ವರ್ಕಾಡಿ ಕಡೆಯ ಅನೇಕ ಮನೆಗಳಿಗೆ ಈಗ ಕಂಪ್ಯೂಟರ್ ಬಂದಿದೆ. ಶಾಲೆಯಲ್ಲಿ ಮಕ್ಕಳು ಕಲಿಯುವುದು ಕೇರಳ ಸರಕಾರದ ಕೈಟ್ ಸಂಸ್ಥೆ ಒದಗಿಸಿದ ಲಿನಕ್ಸಿನಲ್ಲಿ. ಮನೆಯಲ್ಲಿರುವುದು ಹೆಚ್ಚಾಗಿ ವಿಂಡೋಸ್. ಕನ್ನಡದಲ್ಲಿ ಟೈಪು ಮಾಡಲು ಹಲವರು ನುಡಿಯನ್ನೋ ಬರಹವನ್ನೋ ಬಳಸುತ್ತಾರೆ. ಹುಡುಕಹೊರಟರೆ ಅದೇ ಹೆಸರು ಹೇಳಿಕೊಂಡು ಹತ್ತಾರು ತಾಣಗಳು ಕೈಬೀಸಿ ಕರೆಯುತ್ತವೆ. ಫೈಲನ್ನು ಇಳಿಸಿಕೊಂಡು ಒತ್ತಿದೊಡನೆ ಪರದೆಯ ಮೇಲೊಂದು ಪ್ರಶ್ನೆ ಮೂಡುತ್ತದೆ. ಅದೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಹಿರಿಯರು ಮಕ್ಕಳ ಮುಖ ನೋಡುತ್ತಾರೆ, ಮಕ್ಕಳು 'ಯಸ್' ಒತ್ತುತ್ತಾರೆ.

"ಮಾಸ್ಟ್ರೇ, ಕಂಪೆನಿಯ ಸಹಿ ಉಂಟಲ್ಲ, ಇನ್ನೆಂತ ಹೆದರಿಕೆ?" ಎಂದು ಕೇಳುವ ಹೆತ್ತವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕಚೇರಿಯ ಕಾಗದಕ್ಕೆ ಸಹಿ, ಮೊಹರು ಇಲ್ಲದಿದ್ದರೆ ನಾವು ಅದನ್ನು ಮುಟ್ಟುವವರಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಡಿಜಿಟಲ್ ಸಹಿಗೂ ಕಾನೂನಿನ ಮಾನ್ಯತೆ ಇದೆ. ಆದರೆ ಆ ಸಹಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿದಿರಬೇಕು.

ಫೈಲಿನ ಒಟ್ಟು ವಿಷಯವನ್ನು ಒಂದು ಲೆಕ್ಕಾಚಾರಕ್ಕೆ ಒಳಪಡಿಸಿದರೆ ಬೆರಳಚ್ಚಿನಂತಹ ಚಿಕ್ಕದೊಂದು ಸಂಖ್ಯೆ ಸಿಗುತ್ತದೆ. ತಯಾರಕನು ತನ್ನಲ್ಲಿ ಮಾತ್ರ ಇರುವ ಗುಪ್ತ ಕೀಲಿಯಿಂದ ಅದಕ್ಕೆ ಸಹಿ ಹಾಕುತ್ತಾನೆ. ಮುಂದೆ ಯಾರಾದರೂ ಫೈಲಿನ ಒಂದಕ್ಷರ ಬದಲಿಸಿದರೂ ಲೆಕ್ಕ ತಾಳೆಯಾಗದು. ಕೀಲಿ ಇಂಥವರದೇ ಎಂಬುದಕ್ಕೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳಿವೆ.

ಅಡಿಕೆ ಬೆಳೆಯುವ ನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಗೋಣಿಯ ಬಾಯಿ ಹೊಲಿದು ಮೇಲೆ ಗುರುತು ಹಾಕಿದ್ದಾರೆ. ಗೋಣಿ ಯಾರದು, ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಎಂಬುದು ಅದರಿಂದ ತಿಳಿಯಿತು. ಒಳಗಿರುವುದು ಒಳ್ಳೆಯ ಚಾಲಿಯೋ ಕರಿಗೋಟೋ ಎಂಬುದನ್ನು ಆ ಗುರುತು ಹೇಳುವುದಿಲ್ಲ.

ಒರಾಕಲ್ ಕಂಪೆನಿಯ ಜಾವಾ ತಂತ್ರಾಂಶವನ್ನು ವಿಂಡೋಸಿನಲ್ಲಿ ಹಾಕಿಕೊಳ್ಳುವಾಗ ಬಹುಕಾಲ ಅದರೊಂದಿಗೆ 'ಆಸ್ಕ್ ಟೂಲ್‌ಬಾರ್' ಎಂಬುದೂ ಬರುತ್ತಿತ್ತು. ಬೇಕೆಂಬ ಗುರುತು ಮೊದಲೇ ಹಾಕಿರುತ್ತಿತ್ತು; ಓದದೆ ಮುಂದೆ ಹೋದವರ ಬ್ರೌಸರಿನಲ್ಲಿ ಅದು ಬಂದು ಕುಳಿತುಕೊಳ್ಳುತ್ತಿತ್ತು. ಕಂಪೆನಿ ನಿಜವಾದದ್ದೇ, ಬಂದ ಸಾಮಾನು ಮಾತ್ರ ಯಾರೂ ಕೇಳದೇ ಇದ್ದದ್ದು. 2015ರಲ್ಲಿ ಮೈಕ್ರೋಸಾಫ್ಟ್ ಆ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ಬೇಡದ ತಂತ್ರಾಂಶಗಳ ಪಟ್ಟಿಗೆ ಸೇರಿಸಿತು.

2017ರಲ್ಲಿ ನಡೆದದ್ದು ಇದಕ್ಕಿಂತ ಗಂಭೀರ. ಕಂಪ್ಯೂಟರಿನ ಕಸ ಗುಡಿಸಲು ಜನ ಬಳಸುವ ಸಿಸಿಕ್ಲೀನರ್ ತಂತ್ರಾಂಶದ 5.33ನೆಯ ಆವೃತ್ತಿಯಲ್ಲಿ ದುಷ್ಟರು ತಮ್ಮ ಕ್ರಮವಿಧಿಯನ್ನು ಸೇರಿಸಿಬಿಟ್ಟಿದ್ದರು. ಸಹಿ ಬೀಳುವ ಮೊದಲೇ ಒಳನುಗ್ಗಿದ್ದರಿಂದ ಕಂಪೆನಿಯ ಅಸಲಿ ಸಹಿಯೇ ಅದರ ಮೇಲಿತ್ತು. ಸುಮಾರು 22 ಲಕ್ಷ 70 ಸಾವಿರ ಬಳಕೆದಾರರ ಯಂತ್ರಗಳಿಗೆ ಅದು ಸೇರಿತ್ತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಪೀಡೆಯಂತೂ ತೈವಾನಿನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪೆನಿಗಳಿಂದ ಕದ್ದ ಕೀಲಿಗಳ ಸಹಿ ಹೊತ್ತು ತಿರುಗಿತು.

ಇದರ ಮಗ್ಗುಲಿಗೇ ಇನ್ನೊಂದು ಮಾತಿದೆ. ಸಹಿ ಇಲ್ಲದ್ದೆಲ್ಲ ಕೆಟ್ಟದ್ದೂ ಅಲ್ಲ. ಪ್ರಮಾಣಪತ್ರಕ್ಕೆ ಹಣ ತೆರಬೇಕು, ಅವಧಿ ಮುಗಿದಾಗ ನವೀಕರಿಸಬೇಕು. ಭಾಷಾಭಿಮಾನದಿಂದ ಅಕ್ಷರವಿನ್ಯಾಸವನ್ನೋ ನಿಘಂಟನ್ನೋ ಮಾಡಿ ಉಚಿತವಾಗಿ ಹಂಚುವವರೆಲ್ಲರಿಗೂ ಅದು ಸಾಧ್ಯವಾಗದು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಫೈಲನ್ನು ತೆರೆಯಬೇಡಿ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿ. ಸಹಿ ಇದ್ದಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' ಎಂಬ ವಿಭಾಗ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ 'ಡೀಟೇಲ್ಸ್' ಒತ್ತಿದರೆ ಸಹಿ ಸರಿಯಿದೆಯೇ ಎಂದು ತಿಳಿಯುತ್ತದೆ. ಅಷ್ಟಕ್ಕೆ ನಿಲ್ಲಬಾರದು, ಹೆಸರನ್ನು ಓದಬೇಕು. ಕನ್ನಡದ ಕೀಲಿಮಣೆ ತಂತ್ರಾಂಶವೆಂದು ತಂದದ್ದರ ಮೇಲೆ ಎಂದೂ ಕೇಳದ ಯಾವುದೋ ಜಾಹೀರಾತು ಕಂಪೆನಿಯ ಹೆಸರಿದ್ದರೆ, ಸಹಿ ಸರಿಯಿದ್ದರೂ ಅಳಿಸಿಬಿಡುವುದೇ ಲೇಸು. ತಯಾರಕರ ಸ್ವಂತ ತಾಣದಿಂದ ಇಳಿಸಿಕೊಂಡರೆ ಈ ರಗಳೆ ಬಹುಮಟ್ಟಿಗೆ ತಪ್ಪುತ್ತದೆ. ಸಂಶಯ ಉಳಿದರೆ ವೈರಸ್‌ಟೋಟಲ್ ಎಂಬ ತಾಣವಿದೆ. ಅಲ್ಲಿ ಹಲವಾರು ಆಂಟಿವೈರಸ್‌ಗಳು ಒಮ್ಮೆಗೇ ಫೈಲನ್ನು ಪರೀಕ್ಷಿಸುತ್ತವೆ. ಒಂದೆರಡು ಮಾತ್ರ ದೂರಿದರೆ ಅದು ತಪ್ಪು ಎಚ್ಚರಿಕೆಯೂ ಇರಬಹುದು. ಬಹಳಷ್ಟು ದೂರಿದರೆ ವಾದ ಬೇಡ. ಆದರೆ ಅಲ್ಲಿಗೆ ಕೊಟ್ಟ ಫೈಲುಗಳನ್ನು ಭದ್ರತಾ ಕಂಪೆನಿಗಳೊಂದಿಗೆ ಹಂಚಿಕೊಳ್ಳಲಾಗುತ್ತದೆ. ಆದುದರಿಂದ ಆಧಾರ್, ಪಡಿತರ ಚೀಟಿ, ಮನೆಯ ದಾಖಲೆಪತ್ರಗಳನ್ನು ಪರೀಕ್ಷೆಗೆಂದು ಅಲ್ಲಿ ಹಾಕಕೂಡದು.

ಫೋನಿನ ಸಂಗತಿ ಬೇರೆಯೇ. ಆಂಡ್ರಾಯ್ಡಿನಲ್ಲಿ ಸಹಿ ಇಲ್ಲದ 'ಎಪಿಕೆ' ಫೈಲು ಸ್ಥಾಪನೆಯೇ ಆಗದು. ಆದರೆ ಆ ಸಹಿಯ ಕೀಲಿಯನ್ನು ತಯಾರಕನು ತಾನೇ ಮಾಡಿಕೊಳ್ಳಬಹುದು, ಸಾಕ್ಷಿಗೆ ಯಾರೂ ಬೇಕಿಲ್ಲ. ವಾಹನದ ದಂಡವೆಂದೋ ಮದುವೆಯ ಆಮಂತ್ರಣವೆಂದೋ ವಾಟ್ಸಾಪಿನಲ್ಲಿ ಬರುವ ಎಪಿಕೆಗಳಿಗೂ ಇಂತಹ ಸಹಿ ಇರುತ್ತದೆ. ಅವು ಒಳಸೇರಿ ಬ್ಯಾಂಕಿನ ಒಟಿಪಿಯನ್ನು ಓದುತ್ತವೆ. ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬಂದ ನೋಟೀಸು ಪೂರ್ತಿ ಅರ್ಥವಾಗದೆ, ಸರಕಾರದ್ದೇ ಇರಬೇಕೆಂದು ಹೆದರಿ ಒತ್ತಿಬಿಡುವ ಅಪಾಯ ನಮ್ಮ ಮನೆಗಳಲ್ಲಿ ತುಸು ಹೆಚ್ಚೇ. ಅಂತಹ ನೋಟೀಸು ಬಂದರೆ ಮಲಯಾಳ ಬಲ್ಲ ನೆರೆಯವರಿಗೆ ತೋರಿಸಿ. ಒತ್ತಿ ಹಣ ಹೋಗಿದ್ದರೆ ಇಂಟರ್ನೆಟ್ ಸಂಪರ್ಕ ಕಡಿದು, ಬೇರೆ ಫೋನಿನಿಂದ ತಡಮಾಡದೆ 1930ಕ್ಕೂ ಬ್ಯಾಂಕಿಗೂ ತಿಳಿಸಿ.