ಮುಧೋಳ ನಾಯಿಯ ಕ್ರೀಡಾ ತರಬೇತಿ

ಮುಧೋಳ ನಾಯಿಯ ಕ್ರೀಡಾ ತರಬೇತಿ ಎಂದರೆ ಕರ್ನಾಟಕದ ದೇಶೀ ಬೇಟೆನಾಯಿ ತಳಿಯಾದ ಮುಧೋಳ ನಾಯಿಯನ್ನು ಓಟ, ಕೃತಕ ಬೇಟೆಯ ಬೆನ್ನಟ್ಟುವಿಕೆ ಮೊದಲಾದ ಸ್ಪರ್ಧೆಗಳಿಗೆ ಸಿದ್ಧಗೊಳಿಸುವ ಕ್ರಮ. ಈ ತಳಿಯು ಮುಖ್ಯವಾಗಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ವೇಗದಿಂದ ಹಿಡಿಯುವ ದೃಷ್ಟಿಬೇಟೆ ನಾಯಿಗಳ ಗುಂಪಿಗೆ ಸೇರಿದೆ. ಆದುದರಿಂದ ಇದರ ತರಬೇತಿಯು ಜರ್ಮನ್ ಷೆಫರ್ಡ್, ಬೆಲ್ಜಿಯನ್ ಮ್ಯಾಲಿನೋಯಿಸ್ ಮುಂತಾದ ತಳಿಗಳ ತರಬೇತಿಗಿಂತ ಹಲವು ಅಂಶಗಳಲ್ಲಿ ಭಿನ್ನವಾಗಿದೆ.

ತಳಿಯ ಹಿನ್ನೆಲೆ

ಈ ನಾಯಿಗೆ ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ ಹೆಸರು ಬಂದಿದೆ. ಹಿಂದಿನ ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಸ್ಥಳೀಯ ಬೇಟೆಗಾರರ ಬಳಿಯಿದ್ದ ಈ ನಾಯಿಗಳನ್ನು ಸಾಕಿ ಅಭಿವೃದ್ಧಿಪಡಿಸಿದರು. ಅವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿ ನೀಡಿದರೆಂದು ಪ್ರತೀತಿ. ಕ್ಯಾರವಾನ್ ಹೌಂಡ್ ಎಂಬುದು ಇದೇ ಗುಂಪಿನ ನಾಯಿಗಳಿಗಿರುವ ಇನ್ನೊಂದು ಹೆಸರು. ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಈ ತಳಿಯ ಅಂಚೆಚೀಟಿಯನ್ನು ಹೊರತಂದಿತು. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ಮುಧೋಳದ ಬಳಿಯ ತಿಮ್ಮಾಪುರದಲ್ಲಿದ್ದು, ತಳಿಯ ಸಂರಕ್ಷಣೆಯಲ್ಲಿ ತೊಡಗಿದೆ. 2016ರಲ್ಲಿ ಭಾರತೀಯ ಸೇನೆಯು ಮುಧೋಳ ನಾಯಿಯ ಮರಿಗಳನ್ನು ಪಡೆದು, ಮೀರತ್‌ನಲ್ಲಿರುವ ತನ್ನ ರಿಮೌಂಟ್ ಮತ್ತು ಪಶುವೈದ್ಯಕೀಯ ದಳದ ಕೇಂದ್ರದಲ್ಲಿ ತರಬೇತಿಗೆ ಒಳಪಡಿಸಿತು.

ಸ್ವಭಾವ ಮತ್ತು ತರಬೇತಿಯ ಸಂಬಂಧ

ಜರ್ಮನ್ ಷೆಫರ್ಡ್ ಮತ್ತು ಮ್ಯಾಲಿನೋಯಿಸ್ ಮೂಲತಃ ಕುರಿ ಕಾಯುವ ನಾಯಿಗಳು. ಕುರುಬನ ಸನ್ನೆಯನ್ನು ಮತ್ತೆ ಮತ್ತೆ ಗಮನಿಸಿ ಅದರಂತೆ ನಡೆಯುವ ಗುಣಕ್ಕಾಗಿಯೇ ಅವುಗಳನ್ನು ತಲೆಮಾರುಗಳ ಕಾಲ ಆಯ್ದು ಬೆಳೆಸಲಾಯಿತು. ಬೆಂಗಳೂರಿನ ಸಮೀಪದ ತರಳು ಗ್ರಾಮದಲ್ಲಿರುವ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಶ್ವಾನ ಶಾಲೆಯಲ್ಲಿ ಮ್ಯಾಲಿನೋಯಿಸ್ ನಾಯಿಗಳಿಗೆ ಪ್ರಾಶಸ್ತ್ಯ ದೊರೆತಿರುವುದಕ್ಕೆ ಈ ಗುಣವೂ ಒಂದು ಕಾರಣ. ವಾಸನೆಯ ಜಾಡು, ವಿಧೇಯತೆ ಮತ್ತು ರಕ್ಷಣೆ ಎಂಬ ಮೂರು ಭಾಗಗಳಿಗೆ ತಲಾ 100 ಅಂಕಗಳಿರುವ ಐಜಿಪಿ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯೂ ಇಂತಹ ತಳಿಗಳಿಗೆಂದೇ ರೂಪುಗೊಂಡಿದೆ.

ಮುಧೋಳ ನಾಯಿಯ ಕೆಲಸ ಬೇರೆ. ಬಯಲಿನಲ್ಲಿ ಮೊಲವೊಂದು ಎದ್ದ ಕ್ಷಣದಿಂದ ಅದು ಒಡೆಯನಿಂದ ದೂರವಾಗುತ್ತದೆ. ಯಾವಾಗ ತಿರುಗಬೇಕು, ಎಲ್ಲಿ ಅಡ್ಡಗಟ್ಟಬೇಕು ಎಂಬುದನ್ನು ಅದು ತಾನೇ ನಿರ್ಧರಿಸಬೇಕು. ಒಡೆಯನ ಅಪ್ಪಣೆಗಾಗಿ ಹಿಂತಿರುಗಿ ನೋಡುವ ನಾಯಿಗೆ ಬೇಟೆ ದಕ್ಕುವುದಿಲ್ಲ. ಒಂದೇ ಆಜ್ಞೆಯನ್ನು ಹತ್ತಾರು ಬಾರಿ ಹೇಳಿದಾಗ ಮುಧೋಳ ನಾಯಿಯು ನಿರಾಸಕ್ತಿ ತೋರುವುದನ್ನು ಹಠಮಾರಿತನ ಅಥವಾ ಬುದ್ಧಿಯ ಕೊರತೆ ಎಂದು ಭಾವಿಸುವುದು ಸರಿಯಲ್ಲ. ಅದು ತಳಿಯ ಉದ್ದೇಶದಿಂದಲೇ ಬಂದ ಸ್ವಭಾವ. ಹೊಡೆತ ಮತ್ತು ಗದರಿಕೆಯಿಂದ ಈ ನಾಯಿ ಅಂಜಿ ದೂರ ಸರಿಯುತ್ತದೆಯೇ ಹೊರತು ಕಲಿಯುವುದಿಲ್ಲ. ಚಿಕ್ಕ ಅವಧಿಯ ಪಾಠ, ಆಹಾರದ ಬಹುಮಾನ ಮತ್ತು ಬೆನ್ನಟ್ಟುವ ಆಟ ಇವು ಇದರ ತರಬೇತಿಯ ಮುಖ್ಯ ಸಾಧನಗಳು.

ಸ್ಪರ್ಧೆಯ ಪ್ರಕಾರಗಳು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಯಿ ಓಟದ ಸ್ಪರ್ಧೆಗಳು ರೂಢಿಯಲ್ಲಿವೆ. ಇವುಗಳಲ್ಲಿ ನೇರ ಓಟದ ವೇಗವೇ ನಿರ್ಣಾಯಕ. 1970ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಲ್ಯೂರ್ ಕೋರ್ಸಿಂಗ್ ಎಂಬ ಕ್ರೀಡೆಯಲ್ಲಿ ಪ್ಲಾಸ್ಟಿಕ್ ಚೀಲದಂತಹ ಕೃತಕ ಬೇಟೆಯನ್ನು ದಾರಕ್ಕೆ ಕಟ್ಟಿ, ನೆಲಕ್ಕೆ ನೆಟ್ಟ ರಾಟೆಗಳ ಮೂಲಕ ಮೋಟಾರಿನಿಂದ ಎಳೆಯಲಾಗುತ್ತದೆ. ದಾರಿಯು ಮೊಲದ ಓಟದಂತೆ ಅಂಕುಡೊಂಕಾಗಿರುತ್ತದೆ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ನಿಯಮಗಳಂತೆ ಎರಡು ನಾಯಿಗಳು ಕೆಂಪು ಮತ್ತು ಬಿಳಿ ಅಂಗಿ ತೊಟ್ಟು ಒಟ್ಟಿಗೆ ಓಡುತ್ತವೆ. ತೀರ್ಪುಗಾರರು ವೇಗದ ಜೊತೆಗೆ ಚುರುಕುತನ, ಸಹಿಷ್ಣುತೆ, ಉತ್ಸಾಹ ಮತ್ತು ಜಾಣ್ಮೆಯನ್ನೂ ಅಳೆಯುತ್ತಾರೆ.

ತರಬೇತಿಯ ಹಂತಗಳು

ಹೊಂದಾಣಿಕೆ: ಮರಿಯು ಹುಟ್ಟಿದ ಸುಮಾರು 3ನೆಯ ವಾರದಿಂದ 14ನೆಯ ವಾರದವರೆಗಿನ ಅವಧಿಯು ಮನೋಬೆಳವಣಿಗೆಯ ದೃಷ್ಟಿಯಿಂದ ಅತಿ ಮುಖ್ಯ. ಅಪರಿಚಿತ ಜನರು, ವಾಹನಗಳ ಸದ್ದು, ಇತರ ನಾಯಿಗಳು, ದನಕರುಗಳು ಇವೆಲ್ಲವುಗಳ ಪರಿಚಯ ಈ ಕಾಲದಲ್ಲಿ ನಿಧಾನವಾಗಿ ಆಗಬೇಕು. ಜನಜಂಗುಳಿಯನ್ನು ಕಂಡರಿಯದ ನಾಯಿಯು ಎಷ್ಟೇ ವೇಗಿಯಾಗಿದ್ದರೂ ಸ್ಪರ್ಧೆಯ ಅಂಗಳದಲ್ಲಿ ಅಂಜಿ ನಿಲ್ಲುತ್ತದೆ.

ಕರೆಗೆ ಬರುವುದು: ಬೆನ್ನಟ್ಟುವ ಆಟಕ್ಕಿಂತ ಮೊದಲೇ ಕಲಿಸಬೇಕಾದ ಪಾಠವಿದು. ಓಟದ ಭರದಲ್ಲಿರುವ ದೃಷ್ಟಿಬೇಟೆ ನಾಯಿಯು ಮಾತಿನ ಕರೆಗೆ ಓಗೊಡುವುದು ವಿರಳ. ಆದುದರಿಂದ ಸೀಟಿಯ ಸದ್ದಿಗೂ ನಾಯಿಗೆ ಬಹಳ ಇಷ್ಟವಾದ ತಿನಿಸಿಗೂ ನಂಟು ಬೆಳೆಸಲಾಗುತ್ತದೆ. ಮೊದಲು ಮನೆಯೊಳಗೆ, ಬಳಿಕ ಅಂಗಳದಲ್ಲಿ, ಅನಂತರ ಉದ್ದ ಹಗ್ಗ ಕಟ್ಟಿ ಬಯಲಿನಲ್ಲಿ ಅಭ್ಯಾಸ ನಡೆಯುತ್ತದೆ. ತಡವಾಗಿ ಬಂದ ನಾಯಿಯನ್ನು ದಂಡಿಸಬಾರದು. ದಂಡಿಸಿದರೆ ಹತ್ತಿರ ಬರುವುದೇ ತಪ್ಪೆಂದು ಅದು ತಿಳಿಯುತ್ತದೆ.

ಕೃತಕ ಬೇಟೆಯ ಪರಿಚಯ: ಉದ್ದನೆಯ ಕೋಲಿನ ತುದಿಗೆ ದಾರವನ್ನೂ ದಾರಕ್ಕೆ ಬಟ್ಟೆಯ ತುಂಡನ್ನೂ ಕಟ್ಟಿ ಮರಿಯ ಮುಂದೆ ಆಡಿಸಲಾಗುತ್ತದೆ. ಒಂದೆರಡು ನಿಮಿಷಗಳ ಬಳಿಕ, ಮರಿಗೆ ಇನ್ನೂ ಆಸೆಯಿರುವಾಗಲೇ ಆಟವನ್ನು ನಿಲ್ಲಿಸಬೇಕು. ಪ್ರತಿ ಆಟದ ಕೊನೆಯಲ್ಲಿ ಬಟ್ಟೆಯನ್ನು ಹಿಡಿಯಲು ಬಿಟ್ಟು, ತಿನಿಸಿಗೆ ಪ್ರತಿಯಾಗಿ ಅದನ್ನು ಬಿಟ್ಟುಕೊಡುವುದನ್ನೂ ಕಲಿಸಲಾಗುತ್ತದೆ.

ದೇಹದ ಸಿದ್ಧತೆ: ಮರಿಯ ಉದ್ದ ಮೂಳೆಗಳ ತುದಿಯಲ್ಲಿರುವ ಮೃದುವಾದ ಬೆಳವಣಿಗೆಯ ಭಾಗವು ಗಟ್ಟಿಯಾಗಲು ದೊಡ್ಡ ತಳಿಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅದಕ್ಕೆ ಮೊದಲು ಪೂರ್ಣವೇಗದ ಓಟ, ಹಠಾತ್ ತಿರುವು ಮತ್ತು ಎತ್ತರದ ಜಿಗಿತಗಳಿಂದ ಆದ ಪೆಟ್ಟು ಕಾಲನ್ನು ಶಾಶ್ವತವಾಗಿ ಸೊಟ್ಟಗಾಗಿಸಬಹುದು. ಅಡೆತಡೆಗಳನ್ನು ದಾಟುವ ಅಜಿಲಿಟಿ ಕ್ರೀಡೆಯಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು 18 ತಿಂಗಳು ತುಂಬಿದ ನಾಯಿಗಳಿಗೆ ಮಾತ್ರ ಅವಕಾಶ ನೀಡುತ್ತದೆ. ಅಲ್ಲಿಯವರೆಗೆ ನಡಿಗೆ ಹಾಗೂ ಮರಿಯು ತನ್ನಿಚ್ಛೆಯಂತೆ ಆಡುವ ಓಟಗಳೇ ಸಾಕು. ಬಳಿಕ ಚಿಕ್ಕ ಓಟಗಳನ್ನು ಕ್ರಮೇಣ ಹೆಚ್ಚಿಸುತ್ತಾ, ನಡುನಡುವೆ ವಿಶ್ರಾಂತಿಯ ದಿನಗಳನ್ನು ಇರಿಸಲಾಗುತ್ತದೆ.

ಜೊತೆ ಓಟ: ಒಂಟಿಯಾಗಿ ಕೃತಕ ಬೇಟೆಯನ್ನು ಕೊನೆಯವರೆಗೂ ಬೆನ್ನಟ್ಟಬಲ್ಲ ನಾಯಿಯನ್ನು ಮಾತ್ರ ಇನ್ನೊಂದು ನಾಯಿಯೊಡನೆ ಬಿಡಲಾಗುತ್ತದೆ. ಅನುಭವವುಳ್ಳ, ಶಾಂತ ನಾಯಿಯು ಮೊದಲ ಜೊತೆಗಾರನಾಗಿದ್ದರೆ ಒಳಿತು. ಬೇಟೆಯನ್ನು ಬಿಟ್ಟು ಜೊತೆಗಾರನ ಮೇಲೆರಗುವ ನಾಯಿಯು ಸ್ಪರ್ಧೆಯಿಂದ ಅನರ್ಹಗೊಳ್ಳುತ್ತದೆ.

ಆರೋಗ್ಯ ಮತ್ತು ಹವಾಮಾನ

ನಾಯಿಯು ಮುಖ್ಯವಾಗಿ ಏದುಸಿರಿನ ಮೂಲಕ ದೇಹದ ತಾಪವನ್ನು ಹೊರಹಾಕುತ್ತದೆ. ಪೂರ್ಣವೇಗದ ಓಟದಲ್ಲಿ ದೇಹದ ಉಷ್ಣತೆಯು ಶೀಘ್ರವಾಗಿ ಏರುವುದರಿಂದ ಬಯಲುಸೀಮೆಯ ಬೇಸಿಗೆಯಲ್ಲಿ ಮುಂಜಾನೆ ಮಾತ್ರ ಅಭ್ಯಾಸ ಮಾಡಿಸುವುದು ಸುರಕ್ಷಿತ. ನಾಲಿಗೆ ಕಡುಗೆಂಪಾಗುವುದು, ಜೊಲ್ಲು ಅಂಟಂಟಾಗುವುದು, ನಡಿಗೆ ತೂರಾಡುವುದು ಉಷ್ಣಾಘಾತದ ಲಕ್ಷಣಗಳು. ಆಗ ನಾಯಿಯನ್ನು ನೆರಳಿಗೆ ತಂದು, ಮೈಗೆ ನೀರು ಸುರಿದು ಗಾಳಿ ಬೀಸಿ, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಆಳವಾದ ಎದೆಯುಳ್ಳ ತಳಿಗಳಲ್ಲಿ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಓಟದ ಹಿಂದುಮುಂದಿನ ಸಮಯದಲ್ಲಿ ಹೊಟ್ಟೆತುಂಬ ಆಹಾರ ನೀಡುವುದಿಲ್ಲ.

ಕಾನೂನು ಮತ್ತು ವನ್ಯಜೀವಿಗಳು

ಜೀವಂತ ಮೊಲವನ್ನು ಬಿಟ್ಟು ನಾಯಿಗಳಿಂದ ಅಟ್ಟಿಸುವ ಪದ್ಧತಿಗೆ ಭಾರತದಲ್ಲಿ ಕಾನೂನಿನ ಸಮ್ಮತಿಯಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗಳು ಇದಕ್ಕೆ ಅನ್ವಯಿಸುತ್ತವೆ. ಇಂಗ್ಲೆಂಡಿನಲ್ಲಿಯೂ ಮೊಲ ಅಟ್ಟುವ ಸ್ಪರ್ಧೆಯನ್ನು 2004ರ ಕಾಯಿದೆಯು ನಿಷೇಧಿಸಿತು.

ಹುಲ್ಲುಗಾವಲುಗಳ ನೆರೆಯಲ್ಲಿ ತರಬೇತಿ ನೀಡುವಾಗ ವಿಶೇಷ ಎಚ್ಚರ ಅಗತ್ಯ. ಉದಾಹರಣೆಗೆ, ದೇವನೂರು ಇರುವ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳ ನೆಲೆಯಾಗಿದ್ದು, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿತವಾಯಿತು. ದೂರದಲ್ಲಿ ಚಲಿಸುವ ಜಿಂಕೆಯೊಂದನ್ನು ಕಂಡರೆ ಸಾಕು, ದೃಷ್ಟಿಬೇಟೆ ನಾಯಿಯು ಕ್ಷಣಾರ್ಧದಲ್ಲಿ ಕೈತಪ್ಪಬಹುದು. ಆದುದರಿಂದ ಇಂತಹ ಬಯಲುಗಳಲ್ಲಿ ನಾಯಿಯನ್ನು ಹಗ್ಗದಿಂದ ಬಿಚ್ಚುವುದಿಲ್ಲ. ಬೇಲಿಯಿರುವ ಜಾಗದಲ್ಲಿ ಕೃತಕ ಬೇಟೆಯನ್ನೇ ಬಳಸಲಾಗುತ್ತದೆ. ಬೇಟೆಯಾಡುವ ಅವಕಾಶ ಇಲ್ಲವಾದ ಕಾಲದಲ್ಲಿ ಈ ತಳಿಯ ಓಟ, ನೋಟ ಮತ್ತು ಸ್ವತಂತ್ರ ನಿರ್ಧಾರದ ಗುಣಗಳನ್ನು ಯಾವ ಜೀವಿಗೂ ಹಾನಿಯಾಗದಂತೆ ಪರೀಕ್ಷಿಸಿ ಉಳಿಸಿಕೊಳ್ಳಲು ಈ ಕ್ರೀಡೆಗಳು ಒಂದು ಮಾರ್ಗವಾಗಿವೆ.