ಶಾಸನದ ಗಾಮುಂಡನೂ ಮನೆತನದ ಮೂಲಪುರುಷನೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳ ವತನದಾರ ಮನೆತನಗಳಲ್ಲಿ ವಂಶದ ಮಾತು ಎದ್ದಿತೆಂದರೆ, ಬಹುಮಟ್ಟಿಗೆ ಒಂದೇ ತರ್ಕ ಮತ್ತೆ ಮತ್ತೆ ಕೇಳಬರುತ್ತದೆ: ನಮ್ಮೂರ ಗುಡಿಯ ಮುಂದಿನ ಶಾಸನದಲ್ಲಿ ಗಾಮುಂಡನೊಬ್ಬನ ಹೆಸರು ಇದೆ, ಗಾಮುಂಡನೆಂದರೆ ಗೌಡ, ಈ ಊರ ಗೌಡಿಕೆ ಅಜ್ಜ ಮುತ್ತಜ್ಜರ ಕಾಲದಿಂದ ನಮ್ಮದು, ಆದುದರಿಂದ ಕಲ್ಲಿನಲ್ಲಿರುವ ಆತನೇ ನಮ್ಮ ಮೂಲಪುರುಷ. ಈ ನಾಲ್ಕು ಮಾತುಗಳಲ್ಲಿ ಮೊದಲ ಮೂರು ಅನೇಕ ಸಲ ನಿಜವಾಗಿಯೇ ಇರುತ್ತವೆ. ನಾಲ್ಕನೆಯದು ಮಾತ್ರ ಅವುಗಳಿಂದ ಹುಟ್ಟುವುದಿಲ್ಲ. ಹುಟ್ಟದ ಈ ತೀರ್ಮಾನವನ್ನು ಓದು ಬರಹ ಬಲ್ಲ, ನ್ಯಾಯಾಲಯದಲ್ಲಿ ವಾದ ಮಾಡಬಲ್ಲ, ಲೆಕ್ಕಪತ್ರಗಳಲ್ಲಿ ಒಂದು ಕಾಸಿನ ವ್ಯತ್ಯಾಸವನ್ನೂ ಸಹಿಸದ ಜನರು ಎಳ್ಳಷ್ಟೂ ಸಂಶಯವಿಲ್ಲದೆ ಒಪ್ಪಿ, ಮನೆತನದ ಚರಿತ್ರೆಯೆಂದು ಅಚ್ಚುಹಾಕಿಸಿ, ಮದುವೆಯ ಚಪ್ಪರದಲ್ಲಿ ಹಂಚುವುದನ್ನು ಕಂಡು ಕಂಡು ನನ್ನ ತಾಳ್ಮೆ ತೀರಿದೆ.

ಆಡೂರಿನ ಶಾಸನವನ್ನೇ ತೆಗೆದುಕೊಳ್ಳೋಣ. ಹಾನಗಲ್ಲಿನ ಪೂರ್ವಕ್ಕೆ ಹತ್ತು ಮೈಲಿಯಷ್ಟು ದೂರದಲ್ಲಿರುವ, ಹಿಂದೆ ಪಾಂಡೀಪುರವೆಂದೂ ಗಂಗಿ ಪಾಂಡಿವೂರೆಂದೂ ಹೆಸರಾಗಿದ್ದ ಈ ಊರಿನ ಕಲ್ಲನ್ನು ಶಾಸನತಜ್ಞ ಜೆ. ಎಫ್. ಫ್ಲೀಟರು 1882ರ ಸುಮಾರಿಗೆ ಓದಿ ಪ್ರಕಟಿಸಿದರು. ಅದರ ಒಂದು ಭಾಗ ಸಂಸ್ಕೃತ, ಇನ್ನೊಂದು ಹಳಗನ್ನಡ. ಧರ್ಮಗಾಮುಂಡನೆಂಬವನು ಕಟ್ಟಿಸಿದ ಜಿನಾಲಯದ ಪ್ರಸ್ತಾಪ ಅದರಲ್ಲಿದೆ. ಕೀರ್ತಿವರ್ಮನು ಚಕ್ರವರ್ತಿಯಾಗಿರಲು, ಸಿಂದರಸನು ಪಾಂಡಿವೂರನ್ನು ಆಳುತ್ತಿರಲು, ದೋಣಗಾಮುಂಡ, ಎಳಗಾಮುಂಡ ಮೊದಲಾದವರು ಮಾಧವತ್ತಿಯರಸನ ಅನುಮತಿಯನ್ನು ಪಡೆದು ಜಿನೇಂದ್ರ ಭವನಕ್ಕೆ ರಾಜಮಾನದ ಎಂಟು ಮತ್ತಲು ನೆಲವನ್ನು ದಾನಮಾಡಿದ ಸಂಗತಿ ಇದೆ. ಕನ್ನಡ ನಾಡಿನ ಗ್ರಾಮಪ್ರಮುಖರು ತಮ್ಮ ಹೆಸರು ಹೇಳಿಕೊಂಡು ನಮ್ಮ ಕಣ್ಣಮುಂದೆ ನಿಲ್ಲುವ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಇಂತಹ ಕಲ್ಲು ತನ್ನ ಊರಿನಲ್ಲಿದೆಯೆಂದು ಆಡೂರಿನವನು ಹೆಮ್ಮೆಪಟ್ಟರೆ ಅದು ಯೋಗ್ಯವಾದ ಹೆಮ್ಮೆ.

ಆದರೆ ಆ ಕಲ್ಲು ಏನನ್ನು ಹೇಳುವುದಿಲ್ಲವೆಂಬುದನ್ನೂ ನೋಡಬೇಕು. ಅದರಲ್ಲಿ ಶಕವರ್ಷದ ಉಲ್ಲೇಖವಿಲ್ಲ. ಅದರಲ್ಲಿ ಹೆಸರಿಸಲ್ಪಟ್ಟ ಕೀರ್ತಿವರ್ಮನು ಆರನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಮೊದಲನೆಯವನೋ, ಎಂಟನೆಯ ಶತಮಾನದ ನಡುವೆ ಬಾದಾಮಿ ಚಲುಕ್ಯರ ಕಡೆಯ ಅರಸನಾಗಿ ರಾಷ್ಟ್ರಕೂಟರಿಗೆ ರಾಜ್ಯವನ್ನು ಕಳೆದುಕೊಂಡ ಎರಡನೆಯವನೋ ಎಂಬ ವಿಷಯದಲ್ಲಿ ವಿದ್ವಾಂಸರು ಒಂದೇ ಮಾತು ಆಡಿಲ್ಲ. ಈ ಇಬ್ಬರು ಅರಸರ ನಡುವೆ ಸುಮಾರು ನೂರೆಂಬತ್ತು ವರ್ಷಗಳ ಅಂತರವಿದೆ. ವಂಶಾವಳಿಯನ್ನು ತಾಮ್ರಪಟದ ಮೇಲೆ ತಾನೇ ಬರೆಯಿಸಿಕೊಂಡ ರಾಜಕುಲದ ಚಕ್ರವರ್ತಿ ಯಾರೆಂದು ನಿಶ್ಚಯಿಸುವುದೇ ಇಷ್ಟು ಕಷ್ಟವಾಗಿರುವಲ್ಲಿ, ತಂದೆಯ ಹೆಸರಿಲ್ಲದ, ಮಕ್ಕಳ ಹೆಸರಿಲ್ಲದ, ಗೋತ್ರ ಬೆಡಗುಗಳ ಸುಳಿವಿಲ್ಲದ, ಜಿನಭಕ್ತನಾಗಿದ್ದನೆಂಬುದೊಂದರ ಹೊರತು ಬೇರೇನೂ ತಿಳಿಯದ ದೋಣಗಾಮುಂಡನಿಂದ ತನ್ನವರೆಗೆ ಒಂದು ಅಖಂಡವಾದ ರೇಖೆಯನ್ನು ಎಳೆಯಬಲ್ಲೆನೆಂದು ಇಂದಿನ ಗೃಹಸ್ಥನೊಬ್ಬನು ಹೇಗೆ ಹೇಳಿಯಾನು?

ಗೌಡಿಕೆ ಒಂದು ಅಧಿಕಾರ. ಅದು ಒಂದೇ ರಕ್ತದಲ್ಲಿ ಸಾವಿರ ವರ್ಷ ಹರಿಯಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಈ ಸೀಮೆಯನ್ನು ಬಾದಾಮಿ ಚಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಮತ್ತು ಅವರ ಅಧೀನರಾದ ಹಾನಗಲ್ಲ ಕದಂಬರು, ಹೊಯ್ಸಳರು, ಸೇವುಣರು, ವಿಜಯನಗರದವರು, ಆದಿಲಶಾಹಿಗಳು, ಸವಣೂರಿನ ನವಾಬರು, ಪೇಶವೆಗಳು, ಹೈದರನೂ ಟೀಪುವೂ ಒಬ್ಬರ ನಂತರ ಒಬ್ಬರು ಆಳಿದರು, ಅಥವಾ ಸುಲಿದರು. 1756ರಲ್ಲಿ ಪೇಶವೆಯ ಸೇನೆ ಸವಣೂರನ್ನು ಮುತ್ತಿತು. 1764ರಲ್ಲಿ ರಟ್ಟೀಹಳ್ಳಿಯಲ್ಲಿ ಪೇಶವೆ ಮಾಧವರಾಯನೂ ಹೈದರನೂ ಕಾದಿದರು. 1786ರಲ್ಲಿ ಟೀಪು ಸವಣೂರನ್ನು ಕೈವಶ ಮಾಡಿಕೊಂಡನು. ಮುಂದೆ ಐದಾರು ವರ್ಷಗಳಲ್ಲೇ ಬಂದ ಕ್ಷಾಮವೂ, 1876ರಿಂದ ಮೂರು ವರ್ಷ ಈ ನಾಡನ್ನು ಅರೆದ ಬರವೂ ಎಷ್ಟೋ ಊರುಗಳನ್ನು ಬಯಲು ಮಾಡಿದವು. ಊರು ಹಾಳಾದಾಗ ಸರ್ಕಾರಕ್ಕೆ ಬೇಕಾದದ್ದು ಕಂದಾಯವೇ ಹೊರತು ಹಳೆಯ ಗೌಡನ ಮಗನಲ್ಲ. ಒಕ್ಕಲನ್ನು ಕರೆತಂದು ಊರನ್ನು ಮತ್ತೆ ನೆಲೆಗೊಳಿಸುವವನಿಗೆ ಕೌಲು ಕೊಟ್ಟು ವತನವನ್ನೂ ಕೊಡುತ್ತಿದ್ದರು. ಬಾಕಿ ಉಳಿಸಿಕೊಂಡವನ ವತನವನ್ನು ಜಪ್ತಿಮಾಡುತ್ತಿದ್ದರು. ಮರಾಠರ ಕಾಲದ ಕಾಗದಗಳಲ್ಲಿ ಪಾಟೀಲಿಕೆಯನ್ನು ಪೂರ್ತಿಯಾಗಿಯೂ ಅರ್ಧ ಪಾಲಾಗಿಯೂ ಕ್ರಯಕ್ಕೆ ಕೊಟ್ಟ ಪತ್ರಗಳು ಸಿಗುತ್ತವೆ. ಮಗನಿಲ್ಲದ ಮನೆಯಲ್ಲಿ ಮಗಳ ಮಗ, ತಂಗಿಯ ಮಗ, ಕೆಲವೊಮ್ಮೆ ದೂರದ ದತ್ತಕನು ಬಂದು ಅದೇ ಅಡ್ಡಹೆಸರನ್ನು ಧರಿಸಿ ಅದೇ ವಾಡೆಯಲ್ಲಿ ಕುಳಿತನು. ಇವೆಲ್ಲವುಗಳ ಮೂಲಕ ಹಾದುಬಂದ ಒಂದು ಹುದ್ದೆಯ ಹೆಸರು ಇಂದಿಗೂ ಉಳಿದಿದೆ. ಹುದ್ದೆಯನ್ನು ಹೊತ್ತವರ ರಕ್ತವೂ ಹಾಗೆಯೇ ಉಳಿಯಿತೆಂಬುದಕ್ಕೆ ಪುರಾವೆ ಬೇಕು.

ಇನ್ನೊಂದು ಲೆಕ್ಕವನ್ನು ಈ ಅಭಿಮಾನಿಗಳು ಎಂದೂ ಮಾಡುವುದಿಲ್ಲ. ಶಾಸನ ಎರಡನೆಯ ಕೀರ್ತಿವರ್ಮನ ಕಾಲದ್ದೆಂದೇ ಹಿಡಿದರೂ, ಎಂಟನೆಯ ಶತಮಾನದಿಂದ ಇಂದಿಗೆ ಸುಮಾರು 40 ತಲೆಮಾರುಗಳಾದವು. ಒಬ್ಬನಿಗೆ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ ಅಜ್ಜಿಯರು, ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರು ಎಂದು ಇಮ್ಮಡಿಸುತ್ತ ಹೋದರೆ 40ನೆಯ ಮೆಟ್ಟಿಲಿನಲ್ಲಿ ಪೂರ್ವಿಕರ ಸ್ಥಾನಗಳ ಸಂಖ್ಯೆ ಒಂದು ಲಕ್ಷ ಕೋಟಿಯನ್ನು ಮೀರುತ್ತದೆ. ಅಷ್ಟು ಜನ ಈ ಭೂಮಿಯ ಮೇಲೆ ಎಂದೂ ಇರಲಿಲ್ಲವಾದುದರಿಂದ, ಒಬ್ಬನೇ ಪೂರ್ವಿಕನು ಸಾವಿರಾರು ದಾರಿಗಳಿಂದ ಬಂದು ಆ ಸ್ಥಾನಗಳನ್ನು ತುಂಬಿರಬೇಕು. ಎಂದರೆ, ದೋಣಗಾಮುಂಡನ ಸಂತತಿ ಕೆಲವು ತಲೆಮಾರು ನಿಂತಿದ್ದಲ್ಲಿ, ಅದು ಗೌಡರ ವಾಡೆಯೊಂದರಲ್ಲೇ ಅಲ್ಲ, ಹಾನಗಲ್ಲಿನಿಂದ ಹಾವೇರಿಯವರೆಗಿನ ಒಕ್ಕಲಿನಲ್ಲಿ, ಗಾಣದವನಲ್ಲಿ, ಕುಂಬಾರನಲ್ಲಿ, ಹೊಲದ ಆಳಿನಲ್ಲಿ ಹರಡಿರುವ ಸಂಭವವೇ ಹೆಚ್ಚು. ಆ ಪೂರ್ವಿಕನು ಅವರಿಗೂ ಸೇರಿದವನು. ಇದನ್ನು ಹೇಳಿದಾಗ ಎದುರಿನ ಮುಖದಲ್ಲಿ ಕಾಣುವ ಅಸಮಾಧಾನವೇ, ಮನೆತನಕ್ಕೆ ಬೇಕಾಗಿದ್ದುದು ಪೂರ್ವಿಕನಲ್ಲ, ನೆರೆಯವನಿಗಿಲ್ಲದ ಪೂರ್ವಿಕನು ಎಂಬುದನ್ನು ತೋರಿಸಿಕೊಡುತ್ತದೆ.

ಹಾಗಾದರೆ ಏನೂ ತಿಳಿಯದೇ ಎಂದರೆ, ಬೇಕಾದಷ್ಟು ತಿಳಿಯುತ್ತದೆ. ಆದರೆ ಕಲ್ಲಿನಿಂದ ಮನೆಯ ಕಡೆಗೆ ಬರದೆ, ಮನೆಯಿಂದ ಹಿಂದಕ್ಕೆ ನಡೆಯಬೇಕು. ಉತಾರದಿಂದ ಆರಂಭಿಸಿ, ವಾರಸಾ ದಾಖಲಾದ ಹಳೆಯ ಡೈರಿಗಳನ್ನು ಹಿಡಿದು, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಹಕ್ಕುದಾಖಲೆಗೆ, ಅಲ್ಲಿಂದ 1874ರ ವತನ ಕಾಯಿದೆಯ ಪ್ರಕಾರ ಪ್ರತಿನಿಧಿ ವತನದಾರರನ್ನೂ ಅವರ ತಕ್ಷೀಮು ಎಂಬ ಪಾಲುಗಳನ್ನೂ ನಮೂದಿಸಿದ ಪಟ್ಟಿಗಳಿಗೆ, ಅಲ್ಲಿಂದ ಬ್ರಿಟಿಷ್ ಅಧಿಕಾರಿ ವಿಂಗೇಟರ ಕಾಲದ ಭೂಮೋಜಣಿಗೆ, ಆಮೇಲೆ ಇನಾಮು ತನಿಖೆಯ ಕಾಗದಗಳಿಗೆ, ಕಡೆಗೆ ಪುಣೆಯ ಪೇಶವೆ ದಫ್ತರದ ರುಮಾಲುಗಳೆಂಬ ಕಾಗದದ ಗಂಟುಗಳಿಗೆ ಹೋಗಬಹುದು. ಇವುಗಳಲ್ಲಿ ಹಳೆಯವು ಬಹುತೇಕ ಮೋಡಿ ಲಿಪಿಯಲ್ಲಿವೆ. ಮೋಡಿಯನ್ನು ನಿರಾಯಾಸವಾಗಿ ಓದಬಲ್ಲವರು ನಮ್ಮಲ್ಲಿ ತೀರ ವಿರಳವಾಗಿದ್ದಾರೆ. ಮನೆಯ ಅಟ್ಟದ ಮೇಲಿನ ಗಂಟನ್ನು ಬಿಚ್ಚಿ ಓದಿಸುವ ಶ್ರಮಕ್ಕಿಂತ ಕಲ್ಲಿನ ಗಾಮುಂಡನನ್ನು ಅಜ್ಜನೆನ್ನುವುದು ಸುಲಭ. ಕಾಗದಗಳ ಈ ದಾರಿಯಲ್ಲಿ ಶ್ರದ್ಧೆಯಿಂದ ನಡೆದವನಿಗೆ ಎಂಟು ಹತ್ತು ತಲೆಮಾರು ದೊರೆತರೆ ಅದೇ ದೊಡ್ಡ ಲಾಭ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಸರ್ಕಾರದ ಮೊಹರಿರುವ ವಂಶವೃಕ್ಷ ಸುಳ್ಳಾಗಲಾರದೆಂಬ ನಂಬಿಕೆ ಬಲವಾಗಿದೆ. ದಕ್ಷಿಣ ಮರಾಠಾ ಪ್ರಾಂತದಲ್ಲಿ 1843ರಿಂದ ಇನಾಮುಗಳ ತನಿಖೆ ನಡೆದು, 1852ರ ಹನ್ನೊಂದನೆಯ ಕಾಯಿದೆಯಿಂದ ಅದಕ್ಕೆ ಕಾನೂನಿನ ಬಲ ಬಂದಾಗ, ಸನದು ಇಲ್ಲದವನು ಕಂಪನಿ ಸರ್ಕಾರ ಬರುವುದಕ್ಕೆ 60 ವರ್ಷ ಮುಂಚಿನಿಂದ ಭೂಮಿ ತನ್ನ ಮನೆಯಲ್ಲಿತ್ತೆಂದೂ, ಮೂಲ ಇನಾಮುದಾರನಿಂದ ಗಂಡುಸಂತತಿಯಲ್ಲಿ ತನಗೆ ಬಂದಿತೆಂದೂ ತೋರಿಸಬೇಕಾಯಿತು. ಭೂಮಿ ಉಳಿಯುವುದೂ ಹೋಗುವುದೂ ವಂಶಾವಳಿಯ ಮೇಲೆ ನಿಂತಾಗ, ವಂಶಾವಳಿ ಕಾಯಿದೆಯ ಅಳತೆಗೆ ತಕ್ಕಂತೆ ಬೆಳೆಯಿತು. ದತ್ತಕರು ಔರಸರಾದರು, ಅಳಿಯಂದಿರು ಮರೆಯಾದರು, ನಡುವೆ ಕಡಿದ ಕೊಂಡಿಗಳು ಕೂಡಿಕೊಂಡವು. ಆಗ ಬರೆದುಕೊಟ್ಟ ಕೈಫಿಯತ್ತುಗಳು ಅಮೂಲ್ಯವಾದ ಸಾಮಗ್ರಿಯೇ ಸರಿ, ಆದರೆ ಅವು ಹಿತಾಸಕ್ತಿಯುಳ್ಳ ಕಕ್ಷಿಗಾರನ ಹೇಳಿಕೆಗಳೆಂಬುದನ್ನು ಮರೆತು ಓದಬಾರದು.

ಉಳಿದ ಭ್ರಮೆಗಳಿಗೆ ಇಷ್ಟು ವಿಸ್ತಾರ ಬೇಡ. ಊರ ಹೆಸರನ್ನು ಅಡ್ಡಹೆಸರಾಗಿ ಹೊತ್ತ ಮನೆತನ ಆ ಊರಿನ ಒಡೆತನ ಮಾಡಿತ್ತೆಂಬುದು ಸಲ್ಲದು. ಆಡೂರನೆಂದು ಕರೆಯಿಸಿಕೊಳ್ಳುವವನು ಆಡೂರನ್ನು ಬಿಟ್ಟು ಬೇರೆ ಕಡೆ ನೆಲೆಸಿದವನೇ ಹೊರತು ಆಳಿದವನೆಂದು ಅರ್ಥವಲ್ಲ. ಸಂವತ್ಸರದ ಹೆಸರು ಸಿಕ್ಕಿದೊಡನೆ ವರ್ಷ ಸಿಕ್ಕಿತೆನ್ನುವವರು, ಅದೇ ಹೆಸರು 60 ವರ್ಷಗಳಿಗೊಮ್ಮೆ ಮರಳುವುದನ್ನು ಮರೆತು ಅಜ್ಜನನ್ನು ಮೊಮ್ಮಗನ ಸ್ಥಾನದಲ್ಲಿ ಕೂರಿಸುತ್ತಾರೆ. ಮರಾಠಿ ಕಾಗದದ ಸುಹೂರ್ ಸನ್ನನ್ನು ಕ್ರಿಸ್ತಶಕಕ್ಕೆ ತರಲು 599 ಅಥವಾ 600 ಕೂಡಿಸಬೇಕಾದಲ್ಲಿ ಫಸಲಿ ಸನ್ನಿನ 590ನ್ನು ಕೂಡಿಸಿ ಒಂಬತ್ತು ಹತ್ತು ವರ್ಷ ತಪ್ಪುವವರೂ ಇದ್ದಾರೆ. ಊರ ಮುಂದಿನ ವೀರಗಲ್ಲೆಲ್ಲ ಊರಗೌಡನ ಹಿರಿಯನದೆಂಬುದಕ್ಕೆ ಆಧಾರವಿಲ್ಲ. ಸುಗ್ಗಿಯ ನಂತರ ಬಂದು ವಂಶವನ್ನು ಹೊಗಳಿ ಕಾಳು ಪಡೆಯುವ ಹೆಳವರ ಮಾತೆಲ್ಲ ಕಟ್ಟುಕತೆಯೆಂದು ತಳ್ಳುವುದೂ ತಪ್ಪು, ಅಕ್ಷರಶಃ ನಂಬುವುದೂ ತಪ್ಪು. ಮನೆತನ ಯಾವ ಊರಿನಿಂದ ಯಾವ ಊರಿಗೆ ಬಂದಿತು, ಬೆಡಗು ಯಾವುದು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂಬುದನ್ನು ಅವರು ಅನೇಕ ವೇಳೆ ಕಾಗದಪತ್ರಗಳಿಗಿಂತ ಚೆನ್ನಾಗಿ ಉಳಿಸಿಕೊಂಡಿದ್ದಾರೆ, ಆದರೆ ಆರಂಭದ ರಾಜರು ಋಷಿಗಳ ಭಾಗ ಸ್ತುತಿಗೆ ಸೇರಿದ್ದು.

ಈ ದುರ್ಬಲತೆ ನಮ್ಮೊಬ್ಬರದಲ್ಲ. ಅಮೆರಿಕದ ವರ್ಜೀನಿಯಾ ಪ್ರಾಂತದಲ್ಲಿ ತಂಬಾಕಿನ ತೋಟಗಳಿಂದ ಐಶ್ವರ್ಯವಂತರಾದ ಮನೆತನಗಳು, ತಮ್ಮ ಹಿರಿಯರು ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ದೊರೆ ಚಾರ್ಲ್ಸನ ಪಕ್ಷ ವಹಿಸಿ ಕಾದಿ, ಸೋತು, ಹಡಗು ಹತ್ತಿ ಬಂದ ಕುಲೀನ ವೀರರೆಂದು ಬಹುಕಾಲ ಹೇಳಿಕೊಂಡುಬಂದವು. ಥಾಮಸ್ ವರ್ಟೆನ್‌ಬೇಕರ್ ಎಂಬ ಇತಿಹಾಸಕಾರನು ಹಳೆಯ ದಾಖಲೆಗಳನ್ನು ಶೋಧಿಸಿ 1910ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ಮನೆತನಗಳ ಮೂಲಪುರುಷರಲ್ಲಿ ಹೆಚ್ಚಿನವರು ವ್ಯಾಪಾರಿ ವರ್ಗದಿಂದ ಬಂದವರೆಂದು ತೋರಿಸಿದನು. ಅದೇ ಕಾಲದಲ್ಲಿ ಗುಸ್ತಾವ್ ಆಂಜು ಎಂಬವನು ಶ್ರೀಮಂತರಿಗೆ ಹಣಕ್ಕೆ ವಂಶಾವಳಿಗಳನ್ನು ಸೃಷ್ಟಿಸಿ ಕೊಡುತ್ತಿದ್ದನು. ಆತನ ವಿಧಾನ ಗಮನಾರ್ಹವಾದದ್ದು: ಇಂಗ್ಲೆಂಡಿನ ಕಾಗದಗಳೂ ನಿಜ, ಅಮೆರಿಕದ ಕಾಗದಗಳೂ ನಿಜ, ಎರಡನ್ನೂ ಜೋಡಿಸುವ ಒಂದೇ ಒಂದು ಪತ್ರ ಕೃತಕ. ಶಾಸನವೂ ನಿಜ, ಉತಾರವೂ ನಿಜವಾಗಿರುವ ನಮ್ಮ ಮನೆತನಗಳ ಚರಿತ್ರೆಗಳಲ್ಲಿ ಅಂತಹ ಕೃತಕ ಪತ್ರದ ಅಗತ್ಯವೂ ಇಲ್ಲ. ಆ ಸ್ಥಾನವನ್ನು ನಂಬಿಕೆಯೇ ತುಂಬುತ್ತದೆ. ಮುದ್ರಿತವಾದದ್ದೆಲ್ಲ ಪ್ರಮಾಣ, ಹಳೆಯದೆಲ್ಲ ನಮ್ಮದು, ಹಿರಿಯರು ಹೇಳಿದ್ದನ್ನು ಪ್ರಶ್ನಿಸುವುದು ಹಿರಿಯರಿಗೆ ಅಗೌರವ ಎಂಬ ಮನೋಭಾವ ವಂಶಾವಳಿಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ. ಈ ಅಭ್ಯಾಸ ಬಲಿತವನು ನಾಳೆ ಔಷಧದ ವಿಷಯದಲ್ಲಿಯೂ ರಾಜಕಾರಣದ ವಿಷಯದಲ್ಲಿಯೂ ಪುರಾವೆ ಕೇಳುವುದನ್ನು ಬಿಡುತ್ತಾನೆ.

ನನಗೆ ಇದಕ್ಕಿಂತಲೂ ನೋವು ತರುವ ನಂಬಿಕೆ ಇನ್ನೊಂದಿದೆ: ದಾಖಲೆ ಇರುವುದು ದೊಡ್ಡ ಮನೆತನಗಳಿಗೆ ಮಾತ್ರ, ಗೇಣಿ ಮಾಡಿದವನಿಗೆ ಚರಿತ್ರೆಯಿಲ್ಲ ಎಂಬುದು. ಗೇಣಿದಾರರ ಮನೆಯವರೇ ಇದನ್ನು ಹೇಳುತ್ತಾರೆ. ಅಮೆರಿಕದ ತೋಟಗಳಲ್ಲಿ ದುಡಿದ ಗುಲಾಮರ ಸ್ಥಿತಿ ಇದಕ್ಕಿಂತ ಕ್ರೂರವಾಗಿತ್ತು. 1850 ಮತ್ತು 1860ರ ಜನಗಣತಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಲಿಂಗ, ಮೈಬಣ್ಣಗಳನ್ನು ಬರೆದರೇ ಹೊರತು ಸಾಮಾನ್ಯವಾಗಿ ಹೆಸರನ್ನು ಬರೆಯಲಿಲ್ಲ. ಆದರೂ ಅವರ ಸಂತತಿಯವರು ಹೆಸರುಗಳಿರುವ 1870ರ ಗಣತಿಯಿಂದ ಹಿಂದಕ್ಕೆ, ಒಡೆಯರ ಉಯಿಲು ಮತ್ತು ಆಸ್ತಿಪಟ್ಟಿಗಳ ಮೂಲಕ ತಮ್ಮವರನ್ನು ಹುಡುಕಿ ತೆಗೆದಿದ್ದಾರೆ. ನಮ್ಮಲ್ಲಿ ಅಷ್ಟು ದುರ್ಗಮವಾದ ದಾರಿಯೂ ಇಲ್ಲ. ಪಹಣಿಯಲ್ಲಿ ಮಾಲೀಕನ ಹೆಸರಿನಷ್ಟೇ ಸಾಗುವಳಿ ಮಾಡಿದವನ ಹೆಸರಿಗೂ ಸ್ಥಾನವಿತ್ತು. 1948ರ ಮುಂಬಯಿ ಗೇಣಿ ಕಾಯಿದೆಯ ಕಾಲದಲ್ಲಿ ರಕ್ಷಿತ ಗೇಣಿದಾರರ ಹೆಸರುಗಳು ದಾಖಲಾದವು. ಪರಗಣೆ, ಕುಲಕರ್ಣಿ ವತನಗಳು 1950ರ ಕಾಯಿದೆಯಿಂದಲೂ ಗ್ರಾಮದ ಹುದ್ದೆಗಳು 1961ರ ಕಾಯಿದೆಯಿಂದಲೂ ರದ್ದಾದಾಗ ಮರುಮಂಜೂರಿಗಾಗಿ ಕಾಗದಗಳು ಹುಟ್ಟಿದವು. 1974ರ ಭೂಸುಧಾರಣೆಯ ನಂತರ ಭೂನ್ಯಾಯ ಮಂಡಳಿಗಳ ಮುಂದೆ ಏಳನೆಯ ನಮೂನೆಯ ಅರ್ಜಿ ಹಾಕಿದವರು, ಈ ಹೊಲವನ್ನು ತಮ್ಮ ತಂದೆ ಎಂದಿನಿಂದ ಉತ್ತನು, ಅಜ್ಜ ಯಾವ ಊರಿನಿಂದ ಬಂದು ಯಾರ ಹತ್ತಿರ ಗೇಣಿಗೆ ಹಿಡಿದನು, ಕಾಳನ್ನು ಯಾರ ಕಣದಲ್ಲಿ ಅಳೆದುಕೊಟ್ಟನು ಎಂಬುದನ್ನು ಸಾಕ್ಷಿಗಳ ಸಮೇತ ಹೇಳಿ ಬರೆಯಿಸಿದ್ದಾರೆ. ಎದುರುಪಕ್ಷದವರು ಅಲ್ಲಗಳೆದು ಪಾಟೀಸವಾಲು ಮಾಡಿದ ಹೇಳಿಕೆಗಳಾದುದರಿಂದ, ಚಪ್ಪರದಲ್ಲಿ ಹಂಚುವ ವಂಶಚರಿತ್ರೆಗಳಿಗಿಂತ ಅವು ಎಷ್ಟೋ ಪಾಲು ವಿಶ್ವಾಸಾರ್ಹವಾದವು. ಅವುಗಳನ್ನು ಕೇಳಬೇಕಾದದ್ದು ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ, ಊರಿನ ಹೆಸರು ಮತ್ತು ಸರ್ವೆ ನಂಬರನ್ನು ಕೊಟ್ಟು.